ಠಾಣೆ ಹರಾಜಿನಲ್ಲಿ ಹಳೇ ಕಾರು: ಬಾನೆಟ್ ಎತ್ತುವ ಮೊದಲು ಕಾಗದ ಓದಿ

ಹೊಂಗೆ ಮರದ ಕೆಳಗೆ, ಒಣಗಿದ ಎಲೆಗಳ ರಾಶಿಯಲ್ಲಿ ಅರ್ಧ ಮುಳುಗಿ ನಿಂತ ಪ್ರೀಮಿಯರ್ ಪದ್ಮಿನಿ. ಪಕ್ಕದಲ್ಲಿ ಟೈರ್ ಕುಸಿದ ಅಂಬಾಸಿಡರ್. ಹಳೇ ಕಾರಿನ ಆಸೆ ಇರುವವರು ಪೊಲೀಸ್ ಠಾಣೆಯ ಕಾಂಪೌಂಡ್ ಮುಂದೆ ಹೋಗುವಾಗ ಒಂದು ಸಲ ಕತ್ತು ತಿರುಗಿಸಿಯೇ ತಿರುಗಿಸುತ್ತಾರೆ. ಒಂದು ದಿನ ಪೇಪರಿನ ಮೂಲೆಯಲ್ಲಿ ‘ವಾರಸುದಾರರಿಲ್ಲದ ವಾಹನಗಳ ಬಹಿರಂಗ ಹರಾಜು’ ಅಂತ ಪ್ರಕಟಣೆ ಬರುತ್ತದೆ. ದುಡ್ಡು ಹೊಂದಿಸಿಕೊಂಡು ಓಡುತ್ತಾರೆ.

ನಮ್ಮ ಭಾವನವರು ಹೀಗೇ ಓಡಿ 31,000 ರೂಪಾಯಿಗೆ ಒಂದು ಪದ್ಮಿನಿ ತಂದರು. ಆರು ವರ್ಷವಾಯಿತು. ಎಂಜಿನ್ ಚೆನ್ನಾಗಿದೆ, ಬಣ್ಣ ಹೊಸದು, ಸೀಟು ಹೊಲಿಸಿದ್ದಾರೆ. ಆದರೂ ಕಾರು ಮನೆ ಹಿಂದೆ ಟಾರ್ಪಾಲ್ ಕೆಳಗೇ ಇದೆ. ಆರ್‌ಸಿ ಅವರ ಹೆಸರಿಗೆ ಆಗಲೇ ಇಲ್ಲ. ಆ ಕಾರನ್ನು ಹರಾಜು ಹಾಕಿದ್ದು ‘ಗುಜರಿ’ ಎಂದು. ಪ್ರಕಟಣೆಯ ಷರತ್ತಿನಲ್ಲಿ ಸಣ್ಣ ಅಕ್ಷರದಲ್ಲಿ ಅದು ಇತ್ತು. ಯಾರೂ ಓದಿರಲಿಲ್ಲ. ಆಮೇಲೆ ಇನ್ನೂ ನಾಲ್ಕೈದು ಜನ ಇದೇ ತಪ್ಪು ಮಾಡಿದ್ದನ್ನು ಕಣ್ಣಾರೆ ನೋಡಿದ್ದೇನೆ. ಅದಕ್ಕೇ ಇಷ್ಟು ಬರೆಯುತ್ತಿದ್ದೇನೆ.

ಯಾವ ಹರಾಜು ಅಂತ ತಿಳಿದುಕೊಳ್ಳಿ

ಪೊಲೀಸ್ ಹರಾಜಿನಲ್ಲಿ ಎರಡು ಬಗೆ. ಇಲಾಖೆಯೇ ಓಡಿಸಿದ ಜೀಪು, ಕಾರುಗಳದ್ದು ಒಂದು. ಅದರ ಆಸೆ ಬಿಡಿ. 15 ವರ್ಷ ದಾಟಿದ ಸರ್ಕಾರಿ ವಾಹನದ ನೋಂದಣಿಯನ್ನು 2023ರ ಏಪ್ರಿಲ್ 1ರಿಂದ ನವೀಕರಿಸುವಂತಿಲ್ಲ. ಅವು ಒಡೆಯುವ ಕೇಂದ್ರಕ್ಕೇ ಹೋಗಬೇಕು.

ನಮಗೆ ಬೇಕಾದದ್ದು ಎರಡನೆಯದು. ಕೇಸಿನಲ್ಲಿ ಜಪ್ತಿಯಾದ, ಇಲ್ಲವೇ ರಸ್ತೆ ಬದಿಯಲ್ಲಿ ಸಿಕ್ಕಿ ಯಾರೂ ಕೇಳಲು ಬಾರದ ವಾಹನಗಳು. ಇವನ್ನು ಠಾಣೆಯವರು ತಮ್ಮಿಷ್ಟಕ್ಕೆ ಮಾರುವಂತಿಲ್ಲ, ನ್ಯಾಯಾಲಯದ ಆದೇಶ ಬೇಕು. ವಾರಸುದಾರ ಯಾರು ಅಂತ ಗೊತ್ತಿಲ್ಲದಿದ್ದರೆ ಮ್ಯಾಜಿಸ್ಟ್ರೇಟರು ಪ್ರಕಟಣೆ ಹೊರಡಿಸಿ ಆರು ತಿಂಗಳ ಅವಕಾಶ ಕೊಡುತ್ತಾರೆ. ಯಾರೂ ಬಂದು ಹಕ್ಕು ತೋರಿಸದಿದ್ದರೆ ಆಮೇಲೆ ಮಾರಾಟ. ಹಳೇ ಆದೇಶಗಳಲ್ಲಿ ಸಿಆರ್‌ಪಿಸಿಯ (ಹಿಂದಿನ ದಂಡ ಪ್ರಕ್ರಿಯಾ ಸಂಹಿತೆಯ) 457, 458ನೇ ಸೆಕ್ಷನ್ ಅಂತ ಇರುತ್ತದೆ. 2024ರ ಜುಲೈ 1ರಿಂದ ಬಂದ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ ಅವೇ 503, 504 ಆಗಿವೆ.

ಕಾಗದ: ಇಲ್ಲಿ ಎರಡು ದಿನ ಹೋದರೂ ಹೋಗಲಿ

ಹರಾಜಿಗೆ ಒಂದು ವಾರ ಮೊದಲೇ ಠಾಣೆಗೆ ಹೋಗಿ. ಬೆಳಗ್ಗೆ ಹೋಗಬೇಡಿ, ಆಗ ಎಲ್ಲರೂ ಕೋರ್ಟು, ಬಂದೋಬಸ್ತ್ ಅಂತ ಗಡಿಬಿಡಿಯಲ್ಲಿರುತ್ತಾರೆ. ಮಧ್ಯಾಹ್ನ ಮೂರರ ಮೇಲೆ ಹೋಗಿ ಠಾಣೆಯ ದಾಖಲೆ ಬರೆದಿಡುವ ರೈಟರ್ ಅವರನ್ನು ಕಾಣಿ. ನಿಮಗೆ ಬೇಕಾದ ಕಾರಿನ ಕ್ರೈಂ ನಂಬರ್ (ಕೇಸಿನ ನಂಬರ್) ಮತ್ತು ಪಿಎಫ್ (ಪ್ರಾಪರ್ಟಿ ಫಾರಂ) ನಂಬರ್ ಕೇಳಿ ಬರೆದುಕೊಳ್ಳಿ. ಜಪ್ತಿಯಾದ ಪ್ರತಿ ಮಾಲಿಗೂ ಪಿಎಫ್ ನಂಬರ್ ಇರುತ್ತದೆ. ನ್ಯಾಯಾಲಯದ ಆದೇಶದಲ್ಲೂ ಅದೇ ನಂಬರ್ ಇದೆಯಾ ಅಂತ ತಾಳೆ ನೋಡಿ. ಒಂದೇ ಆದೇಶದಲ್ಲಿ ನಲವತ್ತು ಬೈಕು, ಮೂರು ಕಾರು ಇದ್ದಾಗ ನಂಬರ್ ಅದಲುಬದಲಾಗುವುದು ಅಪರೂಪವಲ್ಲ.

ಈಗ ಆದೇಶವನ್ನೂ ಷರತ್ತುಗಳನ್ನೂ ನಿಧಾನವಾಗಿ ಓದಿ. ‘ಗುಜರಿ’, ‘ಸ್ಕ್ರ್ಯಾಪ್’, ‘ಬಿಡಿಭಾಗಗಳಾಗಿ ಮಾತ್ರ’ ಎನ್ನುವ ಯಾವುದೇ ಪದ ಕಂಡರೂ ಅಲ್ಲಿಗೇ ನಿಲ್ಲಿಸಿ. ಕಾರು ಎಷ್ಟೇ ಚಂದ ಇರಲಿ, ಅದನ್ನು ರಸ್ತೆಗೆ ತರುವ ಆಸೆ ಇದ್ದರೆ ಕೊಳ್ಳಬೇಡಿ. ‘ಆಮೇಲೆ ಆರ್‌ಟಿಓದಲ್ಲಿ ಮಾಡಿಸಿಕೊಡ್ತೀನಿ ಸಾರ್’ ಅನ್ನುವ ಏಜೆಂಟರು ಗೇಟಿನ ಹತ್ತಿರವೇ ಸಿಗುತ್ತಾರೆ. ಭಾವನವರು ಅಂಥವರಿಗೆ ಕೊಟ್ಟ ದುಡ್ಡು ಕಾರಿನ ಬೆಲೆಗಿಂತ ಜಾಸ್ತಿಯಾಯಿತು.

ಇನ್ನು ನೋಂದಣಿ. ಕೆಎ ಎಂದು ಶುರುವಾಗುವ ನಂಬರಾದರೆ ಕೇಂದ್ರ ಸರ್ಕಾರದ ಪರಿವಾಹನ್ ಜಾಲತಾಣದಲ್ಲಿ ಒಂದಿಷ್ಟು ವಿವರ ಸಿಗುತ್ತದೆ. ಎಂವೈ, ಎಂಇ, ಸಿಎ ಎಂದು ಶುರುವಾಗುವ ಹಳೇ ನಂಬರುಗಳು ಎಷ್ಟೋ ಸಲ ಕಂಪ್ಯೂಟರಿನಲ್ಲಿ ಇರುವುದೇ ಇಲ್ಲ. ನೋಂದಣಿಯಾದ ಆರ್‌ಟಿಓ ಕಚೇರಿಗೇ ಹೋಗಿ ಬಿ ಎಕ್ಸ್‌ಟ್ರಾಕ್ಟ್ (ನೋಂದಣಿ ದಾಖಲೆಯ ನಕಲು) ಕೇಳಿ. ಲೆಡ್ಜರಿನಲ್ಲಿ ಸಿಕ್ಕರೆ ಬ್ಯಾಕ್‌ಲಾಗ್ ಎಂಟ್ರಿ, ಅಂದರೆ ಹಳೇ ವಿವರವನ್ನು ಕಂಪ್ಯೂಟರಿಗೆ ಸೇರಿಸುವುದು, ಮಾಡಿಸಬಹುದು. ಸಾಲದ ನಮೂದು, ತೆರಿಗೆ ಬಾಕಿ ಇದ್ದರೆ ಅದರಲ್ಲೇ ಗೊತ್ತಾಗುತ್ತದೆ. ಬೇರೆ ರಾಜ್ಯದ ಕಾರಾದರೆ ಅಲ್ಲಿಂದ ಎನ್‌ಒಸಿ (ನಿರಾಕ್ಷೇಪಣಾ ಪತ್ರ) ತರಬೇಕು. ಮೊದಲ ಸಲ ಕೊಳ್ಳುವವರು ಆ ಗೋಜಿಗೇ ಹೋಗಬೇಡಿ ಅನ್ನುವುದು ನನ್ನ ಖಚಿತ ಮಾತು.

ನಂಬರ್ ಪ್ಲೇಟೇ ಇಲ್ಲದ, ಇಲ್ಲವೇ ಸುಳ್ಳು ನಂಬರಿನ ಕಾರಿಗೂ ದಾರಿ ಇದೆ. ಕೇಂದ್ರ ಮೋಟಾರು ವಾಹನ ನಿಯಮಗಳ 57ನೇ ನಿಯಮದ ಪ್ರಕಾರ ಹರಾಜು ಹಾಕಿದ ಇಲಾಖೆಯ ಹೆಸರಿಗೆ ಮೊದಲು ಹೊಸ ನಂಬರ್ ಕೊಟ್ಟು, ಆಮೇಲೆ ನಿಮ್ಮ ಹೆಸರಿಗೆ ವರ್ಗಾಯಿಸಬೇಕು. ಕೌಂಟರಿನಲ್ಲಿ ಇದನ್ನು ‘ಆಗಲ್ಲ’ ಅಂದರೆ ನಿಯಮದ ಪ್ರತಿ ತೋರಿಸಿ ವಿನಯದಿಂದಲೇ ಮಾತಾಡಿ.

ಕಾರು ನೋಡುವುದು

ಸ್ಟಾರ್ಟ್ ಮಾಡಲು ಬಿಡುವುದಿಲ್ಲ. ಇದ್ದಲ್ಲೇ, ಇದ್ದ ಹಾಗೇ ಮಾರಾಟ. ಕೈಯಲ್ಲಿ ಟಾರ್ಚ್, ಬಟ್ಟೆ ಸುತ್ತಿದ ಅಯಸ್ಕಾಂತ, ಪೆನ್ಸಿಲ್, ತೆಳು ಕಾಗದ ಇರಲಿ. ಚಾಸಿ ನಂಬರಿನ ಮೇಲೆ ಕಾಗದ ಇಟ್ಟು ಪೆನ್ಸಿಲ್ ಉಜ್ಜಿ. ಆರ್‌ಟಿಓ ಇನ್‌ಸ್ಪೆಕ್ಟರ್ ನಾಳೆ ಕೇಳುವುದೂ ಇದೇ ಪ್ರಿಂಟ್. ಅಕ್ಷರದ ಸುತ್ತ ಗ್ರೈಂಡರ್ ಆಡಿಸಿದ ಗೀರು ಕಂಡರೆ, ನಂಬರ್ ಇರುವ ತಟ್ಟೆಯ ರಿವೆಟ್ ಹೊಸದಾಗಿದ್ದರೆ, ಮನೆಗೆ ನಡೆಯಿರಿ.

ಆಮೇಲೆ ತುಕ್ಕು. ಕಾರ್ಪೆಟ್ ಎತ್ತಿ ನೆಲ ಒತ್ತಿ ನೋಡಿ. ಬಾಗಿಲ ಕೆಳಗಿನ ಪಟ್ಟಿ, ಡಿಕ್ಕಿಯ ತಳ, ಚಕ್ರದ ಮೇಲಿನ ಕಮಾನು, ಇಲ್ಲೆಲ್ಲ ಅಯಸ್ಕಾಂತ ಹಿಡಿಯದಿದ್ದರೆ ಬಣ್ಣದ ಕೆಳಗೆ ಇರುವುದು ಬರೀ ಪುಟ್ಟಿ. ಕಾರಿನ ಅಡಿಗೆ ದಪ್ಪ ಕಪ್ಪು ಕೋಟಿಂಗ್ ಬಳಿದಿದ್ದರೆ ಇನ್ನೂ ಅನುಮಾನ ಪಡಿ. ತುಕ್ಕಿನ ಮೇಲೆ ಬಳಿದರೆ ಅದು ನೀರನ್ನು ಒಳಗೇ ಹಿಡಿದಿಟ್ಟುಕೊಂಡು ತಗಡನ್ನು ತಿನ್ನಿಸುತ್ತದೆ. ಎಂಜಿನ್ ತಿರುಗದೆ ಹಿಡಿದುಕೊಂಡಿದ್ದರೆ ಹೆದರಬೇಡಿ, ಬಿಡಿಸಬಹುದು. ಹರಿದುಹೋದ ತಳಕ್ಕೆ ಟಿಂಕರಿಂಗ್ ಮಾಡಿಸುವುದು ಅದರ ಎರಡರಷ್ಟು ಖರ್ಚು.

ಯಾವ ಕಾರು? ಮೊದಲ ಸಲ ಆದರೆ ಅಂಬಾಸಿಡರ್, ಬೇರೆ ಯೋಚನೆ ಬೇಡ. 2014ರವರೆಗೂ ತಯಾರಾದ ಕಾರು ಅದು. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ, ಶಿವಾಜಿನಗರದ ಗುಜರಿಯಲ್ಲಿ ಹುಡುಕಿದರೆ ಬಿಡಿಭಾಗ ಸಿಗುತ್ತದೆ. ಪದ್ಮಿನಿ ಎರಡನೆಯದು. ಕಾಂಟೆಸ್ಸಾ ನೋಡಲು ರಾಜನ ಹಾಗಿದೆ, ಆದರೆ ಅದರ ಗಾಜು, ದೀಪ ಹುಡುಕುವಷ್ಟರಲ್ಲಿ ಸುಸ್ತಾಗುತ್ತೀರಿ.

ಸವಾಲು ಕೂಗುವುದು

ಠೇವಣಿ ಕಟ್ಟಿ, ಆಧಾರ್ ಮತ್ತು ಪ್ಯಾನ್ ಪ್ರತಿ ಕೊಟ್ಟು ಟೋಕನ್ ತಗೊಳ್ಳಿ. ಜಿಎಸ್‌ಟಿ ಪ್ರತ್ಯೇಕವೇ ಅಂತ ಮೊದಲೇ ಕೇಳಿಕೊಳ್ಳಿ. ಸುತ್ತ ನಿಂತಿರುವ ಗುಜರಿ ವ್ಯಾಪಾರಿಗಳು ಕಾರನ್ನು ನೋಡುವುದು ತೂಕದಲ್ಲಿ. ಅಂಬಾಸಿಡರ್ ಸುಮಾರು 11 ಕ್ವಿಂಟಲ್, ಪದ್ಮಿನಿ ಸುಮಾರು 9. ಅವತ್ತಿನ ಕಬ್ಬಿಣದ ದರದಿಂದ ಗುಣಿಸಿ ನೋಡಿ, ಅವರು ಎಲ್ಲಿ ನಿಲ್ಲುತ್ತಾರೆ ಅಂತ ಅಂದಾಜು ಸಿಗುತ್ತದೆ. ನಿಮ್ಮ ಕೊನೆಯ ಮೊತ್ತವನ್ನು ಮನೆಯಲ್ಲೇ ಚೀಟಿಯಲ್ಲಿ ಬರೆದು ಜೇಬಿನಲ್ಲಿಟ್ಟುಕೊಂಡು ಹೋಗಿ.

ಎಲ್ಲ ವಾಹನ ಒಂದೇ ಲಾಟಿನಲ್ಲಿ ಹೋದರೆ, ಗೆದ್ದ ವ್ಯಾಪಾರಿ ‘ನಿಮಗೆ ಕಾರೊಂದನ್ನೇ ಕೊಡ್ತೀನಿ’ ಅನ್ನಬಹುದು. ಬೇಡ. ಮಾರಾಟ ದೃಢಪಡಿಸಿದ ಪತ್ರ ಅವರ ಹೆಸರಿನಲ್ಲಿರುತ್ತದೆ. ಅವರ ಹೆಸರಿಗೆ ಆರ್‌ಸಿ ಆಗದೆ ನಿಮ್ಮ ಹೆಸರಿಗೆ ಬರುವುದಿಲ್ಲ.

ಗೆದ್ದ ಮೇಲೆ 30 ದಿನ

ಜನ ಎಡವುವ ಎರಡನೇ ಜಾಗ ಇದು. ಕಾರು ಮನೆಗೆ ಬಂತು ಅಂತ ನೇರ ಗ್ಯಾರೇಜಿಗೆ ಬಿಡುತ್ತಾರೆ, ಕಾಗದ ಮರೆಯುತ್ತಾರೆ. ಕಾರು ನಿಮ್ಮ ವಶಕ್ಕೆ ಬಂದ 30 ದಿನದೊಳಗೆ ಫಾರಂ 32ರಲ್ಲಿ ಆರ್‌ಟಿಓಗೆ ಅರ್ಜಿ ಹಾಕಬೇಕು. ಜೊತೆಗೆ ಮಾರಾಟ ದೃಢೀಕರಣ ಪತ್ರ, ಹರಾಜಿಗೆ ಅನುಮತಿ ಕೊಟ್ಟ ಆದೇಶದ ದೃಢೀಕೃತ ಪ್ರತಿ, ಆರ್‌ಸಿ, ಇನ್ಶೂರೆನ್ಸ್. ಹರಾಜಿನ ಹಣ ಕಟ್ಟಿದ ದಿನವೇ ದೃಢೀಕೃತ ಪ್ರತಿಗೆ ಅರ್ಜಿ ಕೊಡಿ. ತಡ ಮಾಡಿದರೆ ಫೈಲು ರೆಕಾರ್ಡ್ ರೂಮಿಗೆ ಹೋಗುತ್ತದೆ, ರೈಟರ್ ವರ್ಗವಾಗುತ್ತಾರೆ. ಮಾರಾಟ ದೃಢೀಕರಣ ಪತ್ರದಲ್ಲಿ ಚಾಸಿ ನಂಬರ್, ಎಂಜಿನ್ ನಂಬರ್ ಎರಡೂ ಇರಬೇಕು. ನಿಮ್ಮ ಪೆನ್ಸಿಲ್ ಪ್ರಿಂಟಿನ ಜೊತೆ ಹೋಲಿಸಿ, ಒಂದು ಅಕ್ಷರ ತಪ್ಪಿದ್ದರೂ ಅಲ್ಲೇ ನಿಂತು ತಿದ್ದಿಸಿ.

ನೋಂದಣಿಯ ಅವಧಿ ಮುಗಿದಿದ್ದರೆ ನವೀಕರಣಕ್ಕೆ ಬೇರೆ ಖರ್ಚು. 2025ರ ಆಗಸ್ಟ್‌ನಿಂದ 20 ವರ್ಷ ದಾಟಿದ ಕಾರಿಗೆ ಶುಲ್ಕ 10,000 ರೂಪಾಯಿ. ಮೊದಲ ನೋಂದಣಿಯಾಗಿ 50 ವರ್ಷ ದಾಟಿದ್ದರೆ 2021ರಲ್ಲಿ ಬಂದ ವಿಂಟೇಜ್ ನಿಯಮವೂ ಇದೆ. ಹೊಸ ನೋಂದಣಿಗೆ 20,000 ರೂಪಾಯಿ, 10 ವರ್ಷದ ಅವಧಿ, ‘ವಿಎ’ ಸರಣಿಯ ನಂಬರ್. ದಿನಾ ಓಡಿಸುವಂತಿಲ್ಲ, ಬಾಡಿಗೆಗೂ ಕೊಡುವಂತಿಲ್ಲ. ಹಳೇ ನಂಬರ್ ಇರುವ ಕಾರು ಅದನ್ನೇ ಉಳಿಸಿಕೊಳ್ಳಬಹುದು. ಉಳಿಸಿಕೊಳ್ಳಿ, ಆ ಮೂರಕ್ಷರದ ನಂಬರಿನಲ್ಲೇ ಕಾರಿನ ವಯಸ್ಸು ಇದೆ.

ಮೊದಲ ಸಲ ಸ್ಟಾರ್ಟ್ ಮಾಡುವುದು

ಹಗ್ಗ ಕಟ್ಟಿ ಎಳೆಯಬೇಡಿ, ಬ್ರೇಕ್ ಇರುವುದಿಲ್ಲ. ಲಾರಿಯ ಮೇಲೆ ತನ್ನಿ. ಮನೆಗೆ ಬಂದ ದಿನವೇ ಕೀಲಿ ತಿರುಗಿಸಬೇಡಿ. ಸ್ಪಾರ್ಕ್ ಪ್ಲಗ್ ಬಿಚ್ಚಿ ಪ್ರತಿ ಸಿಲಿಂಡರಿಗೆ ಎರಡು ಚಮಚ ಎಂಜಿನ್ ಆಯಿಲ್ ಹಾಕಿ, ಮೂರು ದಿನ ಬಿಡಿ. ಆಮೇಲೆ ಪುಲ್ಲಿಯನ್ನು ಸ್ಪ್ಯಾನರಿನಿಂದ ಕೈಯಲ್ಲೇ ತಿರುಗಿಸಿ. ಟ್ಯಾಂಕಿನ ಹಳೇ ಪೆಟ್ರೋಲ್ ಪೂರ್ತಿ ತೆಗೆಯಿರಿ. ರಬ್ಬರ್ ಪೈಪುಗಳನ್ನೆಲ್ಲ ಬದಲಾಯಿಸಿ, ಈಗಿನ ಎಥನಾಲ್ ಬೆರೆತ ಪೆಟ್ರೋಲಿಗೆ ಹಳೇ ರಬ್ಬರ್ ಬೇಗ ಮೆತ್ತಗಾಗಿ ಸೋರುತ್ತದೆ. ರೇಡಿಯೇಟರ್ ಸೋರಿಕೆ ನಿಲ್ಲಿಸುವ ಪುಡಿ ಅಂತ ಅಂಗಡಿಯವರು ಕೊಟ್ಟರೆ ವಾಪಸ್ ಕೊಡಿ. ಸೋರಿಕೆಯ ಜೊತೆ ಸಣ್ಣ ಕೊಳವೆಗಳನ್ನೂ ಮುಚ್ಚಿಬಿಡುತ್ತದೆ. ಬೆಸುಗೆ ಹಾಕಿಸಿ.

ಎಂಜಿನ್ ಎದ್ದರೆ ಹತ್ತು ನಿಮಿಷ ಓಡಿಸಿ ನಿಲ್ಲಿಸಿ. ಕಾರಿನ ಕೆಳಗೆ ದೊಡ್ಡ ರಟ್ಟು ಹಾಸಿ ರಾತ್ರಿಯಿಡೀ ಹಾಗೇ ಬಿಡಿ. ಬೆಳಗ್ಗೆ ಎಣ್ಣೆ ಎಲ್ಲೆಲ್ಲಿ ತೊಟ್ಟಿಕ್ಕಿದೆ ಅಂತ ಗುರುತು ಮಾಡಿ, ಆ ರಟ್ಟನ್ನೇ ಮೆಕ್ಯಾನಿಕ್ ಹತ್ತಿರ ತಗೊಂಡು ಹೋಗಿ.