ಮೂರು ಲೀಟರಿನ ಸ್ನಾನ

“ಯಾವ ಬೆಳೆಗೆ ಸಾರ್ ಔಷಧಿ?”

ಹೊಲದ ಯಜಮಾನರು ಹೀಗೆ ಕೇಳಿದಾಗ ನಾನು ಕಾರಿನ ಹಿಂದೆ ಬರೀ ಚಡ್ಡಿಯಲ್ಲಿ ನಿಂತಿದ್ದೆ. ಕೈಯಲ್ಲಿ ಗಿಡಕ್ಕೆ ಔಷಧಿ ಹೊಡೆಯುವ ಪಂಪು, ಮೈಗೆಲ್ಲ ಹೆಸರುಹಿಟ್ಟು. “ನನಗೇ” ಅಂದೆ. ಒಂದು ಕ್ಷಣ ನೋಡಿದರು, ಟವೆಲ್ಲನ್ನು ಹೆಗಲ ಮೇಲೆ ಎಳೆದುಕೊಂಡು ನಗುತ್ತಾ ಹೋದರು. ಮಾರನೇ ದಿನ ಬಂದು ಪಂಪಿನ ಮೂತಿಯನ್ನು ತಿರುಗಿಸಿ ತಿರುಗಿಸಿ ನೋಡಿದರು ಅನ್ನೋದು ಬೇರೆ ಮಾತು.

ಇದು 2023ರ ಡಿಸೆಂಬರ್ ಮಾತು. ಚಳ್ಳಕೆರೆ ಕಡೆ ನನ್ನ ಸಹೋದ್ಯೋಗಿಯ ತಂದೆಯ ಹೊಲ. ನಾವು ಹೋಗಿದ್ದು ಜೆಮಿನಿಡ್ ಉಲ್ಕೆಗಳನ್ನು ನೋಡೋಕೆ. ಪ್ರತಿ ವರ್ಷ ಡಿಸೆಂಬರ್ 14ರ ಆಸುಪಾಸು ಅವು ಹೆಚ್ಚು ಬೀಳುತ್ತವೆ, ಆ ವರ್ಷ 12ಕ್ಕೇ ಅಮಾವಾಸ್ಯೆ. ಇನ್ನೇನು ಬೇಕು? ನಾನು, ನನ್ನ ಹೆಂಡತಿ, ಆರನೇ ಕ್ಲಾಸಿನ ಮಗಳು, ಬಾಮೈದ, ಎರಡು ಟೆಂಟು, ಐದು ರಾತ್ರಿ. ಎಷ್ಟು ಉಲ್ಕೆ ಕಂಡವು ಅಂತ ಇಲ್ಲಿ ಬರೆಯಲ್ಲ. ಇಲ್ಲಿ ಬರೆಯೋದು ನೀರಿನ ಕಥೆ.

ಆಕಾಶ ಚೆನ್ನಾಗಿ ಕಾಣುವ ಜಾಗದಲ್ಲಿ ನೀರಿರಲ್ಲ ಅನ್ನೋದು ಗೊತ್ತಿತ್ತು. ಅದರ ಮೇಲೆ ಅದು ಬರದ ವರ್ಷ. ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಅಂತ ಘೋಷಣೆ ಆಗಿತ್ತು. ಹೊಲದಲ್ಲಿ ಬೋರ್‌ವೆಲ್ ಏನೋ ಇತ್ತು. ತ್ರೀ ಫೇಸ್ ಕರೆಂಟ್ ಬಂದಾಗ ಅರ್ಧ ಗಂಟೆ ನೀರು ಎತ್ತಿ, ಆಮೇಲೆ ಬುಸ್ ಅಂತ ಗಾಳಿ ಬಿಡುತ್ತಿತ್ತು. ಆ ಅರ್ಧ ಗಂಟೆಯ ನೀರು ಅವರ ಮನೆಗೆ, ಕುರಿಗಳಿಗೆ. ಅದನ್ನು ಕೇಳೋದು ಬೇಡ ಅಂತ ಮೊದಲೇ ತೀರ್ಮಾನ ಮಾಡಿದ್ದೆವು.

ಹಾಗಾಗಿ ಬೆಂಗಳೂರಿನಿಂದಲೇ 20 ಲೀಟರಿನ ಐದು ಕ್ಯಾನ್ ಕಾವೇರಿ ನೀರು ತುಂಬಿಸಿಕೊಂಡೆವು. ಒಂದು ಲೀಟರ್ ಅಂದರೆ ಒಂದು ಕೇಜಿ. 100 ಲೀಟರ್ ಅಂದರೆ ಇಬ್ಬರು ಆಳು ಹೆಚ್ಚಿಗೆ ಕೂತ ಹಾಗೆ. ಕ್ಯಾನುಗಳನ್ನು ಕೆಳಗೆ, ಹಿಂದಿನ ಸೀಟಿಗೆ ಒತ್ತಿಕೊಂಡ ಹಾಗೆ ಇಡಬೇಕು. ಮೇಲಿನ ಕ್ಯಾರಿಯರ್ ಮೇಲೆ ಹಾಕಿದರೆ ತಿರುವಿನಲ್ಲಿ ಕಾರು ಓಲಾಡುತ್ತೆ. ಇವಲ್ಲದೆ 10 ಲೀಟರಿನ ಇನ್ನೊಂದು ಪುಟ್ಟ ಕ್ಯಾನ್. ಅದರ ಮುಚ್ಚಳಕ್ಕೆ ಟೇಪ್ ಸುತ್ತಿ ‘ಮುಟ್ಟಬಾರದು’ ಅಂತ ಮಗಳ ಕೈಲಿ ಬರೆಸಿದ್ದೆ. ಮೂರನೇ ದಿನ ಹಳ್ಳಿಯ ಶುದ್ಧ ನೀರಿನ ಘಟಕದಲ್ಲಿ ಎರಡು ಕ್ಯಾನ್ ತುಂಬಿಸೋದು. ಅಲ್ಲಿ ಆಗ 5 ರೂಪಾಯಿ ನಾಣ್ಯ ಹಾಕಿದರೆ 20 ಲೀಟರ್ ಬರುತ್ತಿತ್ತು.

ಆ ಪುಟ್ಟ ಕ್ಯಾನ್ ಬಿಟ್ಟು ಲೆಕ್ಕಕ್ಕೆ ಸಿಕ್ಕಿದ್ದು 140 ಲೀಟರ್. ನಾಲ್ಕು ಜನ, ಐದು ದಿನ. ತಲೆಗೆ ದಿನಕ್ಕೆ 7 ಲೀಟರ್. ಒಳಚರಂಡಿ ಇರುವ ಊರಿನಲ್ಲಿ ತಲೆಗೆ 135 ಲೀಟರ್ ಬೇಕು ಅನ್ನೋದು ಸರ್ಕಾರದ ಲೆಕ್ಕ. ಜಲ ಜೀವನ್ ಮಿಷನ್ನಿನಲ್ಲಿ ಹಳ್ಳಿಗೆ ಇಟ್ಟಿರೋದು 55. ನಮ್ಮ 7ರಲ್ಲಿ ಕುಡಿಯೋಕೆ, ಅಡುಗೆಗೆ 4 ಹೋಯಿತು. ಹೊರಕಡೆಗೆ 1. ಉಳಿದಿದ್ದು ತಲೆಗೆ 2, ನಾಲ್ಕು ಜನಕ್ಕೆ 8. ಪಾತ್ರೆಗೆ 3 ತೆಗೆದರೆ ಸ್ನಾನಕ್ಕೆ ದಿನಕ್ಕೆ 5 ಲೀಟರ್, ಅದೂ ಎಲ್ಲರಿಗೂ ಸೇರಿ! ಐದು ದಿನಕ್ಕೆ 25. ಒಬ್ಬೊಬ್ಬರಿಗೆ ಎರಡು ಸ್ನಾನ, ಸ್ನಾನಕ್ಕೆ 3 ಲೀಟರ್. ಮನೆಯಲ್ಲಿ ಬಿಸಿನೀರು ಬರಲಿ ಅಂತ ಕಾಯುವಾಗಲೇ ಅಷ್ಟು ನೀರು ಬಚ್ಚಲಿಗೆ ಹೋಗುತ್ತೆ.

ನನ್ನ ತಲೆಯಲ್ಲಿದ್ದ ದೊಡ್ಡ ಉಪಾಯ ಪೈಪಿನದು. ನಾಲ್ಕು ಇಂಚಿನ ಪಿವಿಸಿ ಪೈಪು, ಐದು ಅಡಿ ಉದ್ದ, ಎರಡೂ ಕಡೆ ಕ್ಯಾಪು, ಒಂದು ಕಡೆ ನಲ್ಲಿ, ಮೇಲೆಲ್ಲ ಹೊಳಪಿಲ್ಲದ ಕಪ್ಪು ಬಣ್ಣ. ಒಳಗೆ 12 ಲೀಟರ್ ಹಿಡಿಸುತ್ತೆ. ಕಾರಿನ ಕ್ಯಾರಿಯರಿಗೆ ಕಟ್ಟಿ ಬಿಸಿಲಿಗೆ ಬಿಟ್ಟರೆ ಮಧ್ಯಾಹ್ನ ಮೂರಕ್ಕೆ ಹಬೆಯಾಡದ ಹಂಡೆ ರೆಡಿ.

ಮೊದಲ ಪರೀಕ್ಷೆ ನಮ್ಮ ಮನೆ ತಾರಸಿಯ ಮೇಲೆ. ಪೈಪಿನ ಗಮ್ಮು ಹಚ್ಚಿ ಎರಡೇ ಗಂಟೆಗೆ ನೀರು ತುಂಬಿಸಿದ್ದೆ, ಪೂರ್ತಿ ಒಂದು ದಿನ ಒಣಗೋಕೆ ಬಿಡಬೇಕಿತ್ತು. ಕ್ಯಾಪು ಕಳಚಿಕೊಂಡು, ಕೆಳಗಿನ ಮನೆಯವರು ಒಣಹಾಕಿದ್ದ ಮೆಣಸಿನಕಾಯಿ ತೇಲಿಹೋಯಿತು. ಎರಡನೇ ಪರೀಕ್ಷೆಯಲ್ಲಿ ಕ್ಯಾಪು ನಿಂತಿತು, ನೀರೇ ಬರಲಿಲ್ಲ. ನಲ್ಲಿ ತಿರುಗಿಸಿದರೆ ಒಂದು ಲೋಟದಷ್ಟು ಸುರಿದು, ಗುಳುಗುಳು ಅಂದು ನಿಂತುಬಿಡೋದು. ನೀರು ಹೊರಗೆ ಬರಬೇಕಾದರೆ ಗಾಳಿ ಒಳಗೆ ಹೋಗಬೇಕು, ಅದಕ್ಕೆ ದಾರಿ ಬಿಟ್ಟಿರಲಿಲ್ಲ. ಇನ್ನೊಂದು ತುದಿಯ ಮೇಲ್ಭಾಗದಲ್ಲಿ ಒಂದು ಸಣ್ಣ ತೂತು ಕೊರೆದ ಮೇಲೆ ಸರಿಹೋಯಿತು. ಕಾರು ಓಡುವಾಗ ಪೈಪು ಖಾಲಿ ಇರಲಿ. ಅದರಲ್ಲಿ ಕಾದ ನೀರು ಬಾಯಿಗೆ ಬೇಡ, ಬಿಸಿ ಪ್ಲಾಸ್ಟಿಕ್ಕಿನ ವಾಸನೆ ಹೊಡೆಯುತ್ತೆ.

ಹೊಲದಲ್ಲಿ ಪೈಪನ್ನು ಪೂರ್ವ–ಪಶ್ಚಿಮಕ್ಕೆ ಮಲಗಿಸಿದೆ. ಡಿಸೆಂಬರಿನಲ್ಲಿ ಸೂರ್ಯ ದಕ್ಷಿಣಕ್ಕೆ ವಾಲಿರೋದರಿಂದ ಪೈಪಿನ ಇಡೀ ಮಗ್ಗುಲಿಗೆ ಬಿಸಿಲು ಬೀಳುತ್ತೆ. ಮೂರು ಗಂಟೆಗೆ ಪೈಪು ಮುಟ್ಟಿದರೆ ಕೈ ಚುರ್ ಅಂತಿತ್ತು. ನೀರೂ ಹಿತವಾಗಿ ಬಿಸಿ. ನಲ್ಲಿಗೆ ಗಿಡಕ್ಕೆ ನೀರು ಹಾಕುವ ಕ್ಯಾನಿನ ಜಾಲರಿ ಸಿಕ್ಕಿಸಿ ಕೆಳಗೆ ನಿಂತೆ. ಆಹಾ! ಅಷ್ಟರಲ್ಲಿ ಮಗಳು ನೋಟ್‌ಬುಕ್ ಹಿಡಿದು “ಅಪ್ಪಾ, ಆರು ಲೀಟರ್ ಆಯ್ತು” ಅಂದಳು. ಎರಡು ಸ್ನಾನದ ನೀರು ಒಂದೇ ಸಲಕ್ಕೆ.

ಪೈಪು ಒಳ್ಳೆ ಹಂಡೆ, ಕೆಟ್ಟ ಷವರ್. ಮೇಲಿಂದ ತಾನಾಗಿ ಬೀಳುವ ನೀರು ನಿಮಗೋಸ್ಕರ ಕಾಯಲ್ಲ. ನೀವು ಬೆನ್ನು ಉಜ್ಜುತ್ತಾ ಇರುತ್ತೀರಿ, ಅದು ಸುರಿಯುತ್ತಾ ಇರುತ್ತೆ. ನಲ್ಲಿ ನಿಲ್ಲಿಸೋಣ ಅಂದರೆ ಕಣ್ಣಿಗೆ ಸೋಪು.

ಔಷಧಿ ಪಂಪು ಬಂದಿದ್ದು ಬಾಮೈದನ ತಲೆಯಿಂದ. ಅವನು ಅದನ್ನು ಪಾತ್ರೆ ತೊಳೆಯೋಕೆ ಅಂತ ಹೊಸದಾಗಿ ಕೊಂಡು ತಂದಿದ್ದ. ಕೈಯಲ್ಲಿ ಒತ್ತಿ ಗಾಳಿ ತುಂಬುವ, 5 ಲೀಟರಿನದು. ಹೊಸದು ಅನ್ನೋದನ್ನು ಒತ್ತಿ ಹೇಳುತ್ತೇನೆ. ಒಂದು ಸಲ ಔಷಧಿ ಕಂಡ ಪಂಪನ್ನು ಎಷ್ಟೇ ತೊಳೆದರೂ ಮೈಗೆ ಹಿಡಿಯಬಾರದು. ಕುದಿಯುವ ನೀರನ್ನೂ ಅದಕ್ಕೆ ಹಾಕಬಾರದು. ಅದರಲ್ಲಿ ಗುಂಡಿ ಒತ್ತಿದಾಗ ಮಾತ್ರ ನೀರು, ಬಿಟ್ಟರೆ ಇಲ್ಲ. ಮೂತಿಯನ್ನು ಪೂರ್ತಿ ಬಿಗಿ ಮಾಡಿದರೆ ಮಂಜಿನ ಹಾಗೆ ಬರುತ್ತೆ. ಅದು ಬೇಡ, ಗಾಳಿಗೆ ಅರ್ಧ ಆರಿಹೋಗಿ, ಬಿಸಿನೀರೇ ಆದರೂ ಮೈ ನಡುಗುತ್ತೆ. ಎರಡು ಸುತ್ತು ಸಡಿಲ ಮಾಡಿ, ಸಣ್ಣ ಮಳೆಯ ಹಾಗೆ ಬರಬೇಕು.

ಎರಡನೇ ದಿನ ಯಜಮಾನರ ಮನೆಯವರು ನಾವು ಕೇಳದೆಯೇ ಒಂದು ಕೊಡ ಬೋರ್‌ವೆಲ್ ನೀರು ಕಳಿಸಿದರು. ಹದಿನೈದು ಲೀಟರ್ ಇರಬಹುದು. ಅದನ್ನು ಕುಡಿಯಲಿಲ್ಲ. ಚಿತ್ರದುರ್ಗ, ಪಾವಗಡ ಕಡೆ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಕಾಟ ಇದೆ, ಕುದಿಸಿದರೆ ಅದು ಹೋಗಲ್ಲ. ಮೈಗೆ ಹಾಕಿಕೊಳ್ಳೋಕೆ ತೊಂದರೆ ಇಲ್ಲ. ನಮ್ಮ ಕಾವೇರಿ ನೀರು ಉಳಿಯಿತಲ್ಲ ಅಂತ ಖುಷಿಯಾಗಿ ನಾನೂ ಬಾಮೈದನೂ ಅದರಲ್ಲೇ ಸ್ನಾನಕ್ಕೆ ನಿಂತೆವು. ಪಂಪಿದ್ದರೂ ಇಬ್ಬರಿಗೂ ಐದೈದು ಲೀಟರ್ ಖರ್ಚಾಯಿತು!

ಕಾರಣ ಸೋಪು. ಗಡುಸು ನೀರಿನಲ್ಲಿ ಸೋಪು ನೊರೆ ಬಿಡಲ್ಲ. ನೀರಿನಲ್ಲಿರುವ ಸುಣ್ಣದ ಅಂಶ ಅದರ ಜೊತೆ ಸೇರಿ ಗಸಿಯಾಗಿ ಮೈಗೆ ಅಂಟುತ್ತೆ. ನೊರೆ ಬರಲಿಲ್ಲ ಅಂತ ಇನ್ನಷ್ಟು ಸೋಪು, ಅಂಟು ಹೋಗಲಿಲ್ಲ ಅಂತ ಇನ್ನಷ್ಟು ನೀರು. ಆವತ್ತು ರಾತ್ರಿ ಮಗಳ ನೋಟ್‌ಬುಕ್ ನೋಡುತ್ತಾ ಕೂತಾಗ ನನಗೆ ಹೊಳೆದಿದ್ದು ಇದು: ಮೈ ಒದ್ದೆ ಮಾಡೋಕೆ ಅರ್ಧ ಲೀಟರ್ ಸಾಕು, ಧೂಳು ಬಿಡಿಸೋಕೆ ಒಂದು ಲೀಟರ್. ಮಿಕ್ಕಿದ್ದೆಲ್ಲ ನಾವೇ ಹಚ್ಚಿಕೊಂಡ ಸೋಪನ್ನು ತೆಗೆಯೋಕೆ. ಸ್ನಾನದ ನೀರು ಕುಡಿಯೋದು ಕೊಳೆ ಅಲ್ಲ, ಸೋಪು. ಕಾವೇರಿ ನೀರಿನಲ್ಲೂ ಅಷ್ಟೇ. ಅಲ್ಲಿ ನೊರೆ ಜಾಸ್ತಿ, ಜಾರುವುದು ನಿಲ್ಲುವ ತನಕ ತೊಳೆಯುತ್ತಲೇ ಇರುತ್ತೇವೆ.

ಮೂರನೇ ದಿನದಿಂದ ಸೋಪು ಕಂಕುಳಿಗೆ, ತೊಡೆಸಂದಿಗೆ, ಪಾದಕ್ಕೆ ಮಾತ್ರ. ಉಳಿದ ಮೈಗೆ ನನ್ನ ಹೆಂಡತಿ ತಂದಿದ್ದ ಹೆಸರುಹಿಟ್ಟು. ಅಜ್ಜಿ ಮನೆಯಲ್ಲಿ ಎಣ್ಣೆ ಸ್ನಾನದ ದಿನ ಹಚ್ಚುತ್ತಿದ್ದರಲ್ಲ, ಅದೇ.

ಈಗ ಆ ಸ್ನಾನ ಹೇಗಿತ್ತು ಹೇಳುತ್ತೇನೆ. ಕಾರಿನ ಹಿಂಬಾಗಿಲು ಎತ್ತಿ ಅದಕ್ಕೊಂದು ಹಳೇ ಸೀರೆ ಇಳಿಬಿಟ್ಟು, ಅದರ ಸೆರಗನ್ನು ಒಂದು ಜಾಲಿ ಗೂಟಕ್ಕೆ ಕಟ್ಟಿದರೆ ಬಚ್ಚಲು. ಕೆಳಗೆ ಅಗಲವಾದ ಪ್ಲಾಸ್ಟಿಕ್ ಟಬ್. ಅದರೊಳಗೇ ನಿಲ್ಲಬೇಕು. ಪೈಪಿನಿಂದ ಮೂರು ಲೀಟರ್ ಅಳೆದು ಪಂಪಿಗೆ ಹಾಕಿ, ಹದಿನೈದು ಸಲ ಒತ್ತಿ ಗಾಳಿ ತುಂಬಬೇಕು. ಮೊದಲು ಒಣ ಚೌಕದಲ್ಲಿ, ಅಂದರೆ ತೆಳು ಟವೆಲ್ಲಿನಲ್ಲಿ, ಮೈಯನ್ನು ಜೋರಾಗಿ ಒರೆಸಿಕೊಳ್ಳಿ. ಕೆಂಪು ಮಣ್ಣಿನ ಧೂಳು ಒಣಗಿದ್ದಾಗಲೇ ಉದುರುತ್ತೆ, ಒದ್ದೆಯಾದರೆ ಕೆಸರು. ಆಮೇಲೆ ಕತ್ತಿನಿಂದ ಕೆಳಕ್ಕೆ ಒಂದು ಸುತ್ತು ನೀರು, ಗುಂಡಿ ಬಿಡಿ. ಹಿಟ್ಟು ಹಚ್ಚಿ ನಿಧಾನವಾಗಿ ಉಜ್ಜಿ, ಆತುರ ಏನೂ ಇಲ್ಲ, ನೀರು ನಿಂತಿದೆ. ಮತ್ತೆ ಮೇಲಿಂದ ಕೆಳಕ್ಕೆ ಬನ್ನಿ. ಒಂದು ಕೈಯಲ್ಲಿ ಮೂತಿ, ಇನ್ನೊಂದು ಕೈ ಅದರ ಹಿಂದೆಯೇ ಮೈಯನ್ನು ಸವರುತ್ತಾ ಬರಬೇಕು. ಆ ಸವರುವ ಕೈಯೇ ಅರ್ಧ ಸ್ನಾನ. ಕಾಲಿಗೆ ಬರುವ ಹೊತ್ತಿಗೆ ಮೇಲಿನ ನೀರೇ ಇಳಿದು ಬಂದಿರುತ್ತೆ. ಪಂಪು ಸುಸ್ ಅನ್ನುವಾಗ ಪಾದದ ಹಿಮ್ಮಡಿ ಬಾಕಿ ಇದ್ದರೆ ನಿಮ್ಮ ಲೆಕ್ಕ ಸರಿ. ಅದಕ್ಕೆ ಟಬ್ಬಿನ ನೀರೇ ಸಾಕು.

ಮೂರೂವರೆಯಿಂದ ನಾಲ್ಕೂವರೆ ಒಳಗೆ ಎಲ್ಲರ ಸರದಿ ಮುಗಿಯಬೇಕು. ಆಮೇಲೆ ಗಾಳಿ ತಣ್ಣಗಾಗುತ್ತೆ.

ತಲೆಸ್ನಾನ ಮಾತ್ರ ಇದರಲ್ಲಿ ಆಗಲ್ಲ. ನನ್ನ ಹೆಂಡತಿಯ ಕೂದಲು ಸೊಂಟದ ತನಕ. ಅವಳು ಮೊದಲ ದಿನವೇ ಎಣ್ಣೆ ಹಚ್ಚಿ, ಬಿಗಿಯಾಗಿ ಜಡೆ ಹಾಕಿ, ಬಟ್ಟೆ ಕಟ್ಟಿಕೊಂಡಳು. ಐದು ದಿನ ಬಿಚ್ಚಲಿಲ್ಲ. ಸ್ನಾನ ಇಲ್ಲದ ದಿನ ಒದ್ದೆ ಚೌಕದ ಒರೆಸು. ಅರ್ಧ ಲೀಟರ್ ಬಿಸಿನೀರು, ಮೊದಲು ಮುಖ, ಕೊನೆಗೆ ಪಾದ, ಈ ಕ್ರಮ ತಪ್ಪಬಾರದು. ಮನೆಯ ದಪ್ಪ ಟರ್ಕಿ ಟವೆಲ್ ಸುಮ್ನೆ ಭಾರ. ಅದನ್ನು ಒದ್ದೆ ಮಾಡೋಕೇ ಅರ್ಧ ಲೀಟರ್ ಬೇಕು, ಒಣಗೋಕೆ ಒಂದು ದಿನ. ಕೈ ತೊಳೆಯೋಕೆ ಬಾಟಲಿಯ ಮುಚ್ಚಳಕ್ಕೆ ಬಿಸಿ ಸೂಜಿಯಲ್ಲಿ ನಾಲ್ಕು ತೂತು ಮಾಡಿಟ್ಟಿದ್ದೆವು. ಹಿಂಡಿದರೆ ನೀರು. ಬೆಳಗ್ಗೆ ಹೊರಕಡೆ ಹೋಗುವಾಗಲೂ ಅದೇ ಬಾಟಲಿಯಂಥ ಇನ್ನೊಂದು, ಚೊಂಬಿನಲ್ಲಿ ಮುಕ್ಕಾಲು ಲೀಟರ್ ಆಗುವ ಕೆಲಸ ಕಾಲು ಲೀಟರಿನಲ್ಲಿ ಆಗುತ್ತೆ. ಹತ್ತಿರದ ಹಳ್ಳ ಒಣಗಿತ್ತು, ಆದರೂ ಅದರಿಂದ 60 ಮೀಟರ್ ದೂರದಲ್ಲೇ ಗುಂಡಿ ತೋಡಿದೆವು. ಮಳೆ ಬಂದರೆ ಅದು ಹರಿಯುವ ಹಳ್ಳವೇ ಅಲ್ವಾ. ಸೋಪಿನ ನೀರನ್ನೂ ಹಾಗೇ, ದೂರ ಹೋಗಿ ನೆಲಕ್ಕೆ ಹರಡಿ ಚೆಲ್ಲುತ್ತಿದ್ದೆವು.

ಪಾತ್ರೆಯ ವಿಷಯದಲ್ಲಿ ಒಂದೇ ಕಾನೂನು: ರಾಗಿ ಮುದ್ದೆ ಇಲ್ಲ. ಹೇಳೋಕೆ ಸಂಕಟ ಆಗುತ್ತೆ, ಆದರೆ ಮುದ್ದೆ ಪಾತ್ರೆ ತೊಳೆಯೋಕೆ ಒಂದು ಸ್ನಾನದ ನೀರು ಬೇಕು. ಚಿತ್ರಾನ್ನ, ಅವಲಕ್ಕಿ, ಮುತ್ತುಗದ ಎಲೆಯಲ್ಲಿ ಊಟ. ಪಾತ್ರೆಯನ್ನು ಬಿಸಿ ಇರುವಾಗಲೇ ಪೇಪರಿನಲ್ಲಿ ಒರೆಸಿ, ಅಕ್ಕಿ ತೊಳೆದ ನೀರಿನಲ್ಲಿ ಉಜ್ಜಿ, ಕೊನೆಗೆ ಪಂಪಿನಲ್ಲಿ ಎರಡು ಸಲ ಹೊಡೆದರೆ ಮುಗಿಯಿತು.

ಎಲ್ಲ ಲೆಕ್ಕ ತಲೆಕೆಳಗಾಗಿದ್ದು ಮೂರನೇ ದಿನ ರಾತ್ರಿ. ನೀರು ತರೋಕೆ ಹಳ್ಳಿಗೆ ಹೋದ ಬಾಮೈದ ಎರಡು ಕ್ಯಾನಿನ ಜೊತೆ ಹೊಟ್ಟೆಯನ್ನೂ ತುಂಬಿಸಿಕೊಂಡು ಬಂದಿದ್ದ. ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ. ಎಷ್ಟು ಮೆಣಸಿನಕಾಯಿ ಅಂದರೆ “ಆರು ಇರಬಹುದು ಭಾವ” ಅಂದ. ರಾತ್ರಿ ಹನ್ನೊಂದರಿಂದ ಬೆಳಗಿನ ತನಕ ಟಾರ್ಚು, ಗುದ್ದಲಿ, ಬಾಟಲಿ ಹಿಡಿದು ಓಡಾಡಿದ. ಓಆರ್‌ಎಸ್ ಕಲಸಿ ಕೊಟ್ಟೆವು, ಬಟ್ಟೆ ತೊಳೆಯಬೇಕಾಯಿತು. ‘ಮುಟ್ಟಬಾರದು’ ಕ್ಯಾನಿನ ಟೇಪ್ ಕಿತ್ತೆವು. ಬೆಳಗ್ಗೆ ಮಗಳು ಅಳತೆ ಮಾಡಿ, ‘ಮಾಮ – 8 ಲೀಟರ್’ ಅಂತ ನೋಟ್‌ಬುಕ್ಕಿನಲ್ಲಿ ಕೆಂಪು ಪೆನ್ನಿನಲ್ಲಿ ಬರೆದಳು. ಆ ಕ್ಯಾನ್ ಇಲ್ಲದಿದ್ದರೆ ಅವತ್ತೇ ಟೆಂಟು ಮಡಚಬೇಕಿತ್ತು. ಈಗ ಅದು 10 ಅಲ್ಲ, 20 ಲೀಟರಿನದು.

16ರ ಬೆಳಗ್ಗೆ ಹೊರಡುವಾಗ ಎಲ್ಲ ಕ್ಯಾನು ಬಗ್ಗಿಸಿ ನೋಡಿದರೆ ಒಟ್ಟು 12 ಲೀಟರ್ ಉಳಿದಿತ್ತು. ಖರ್ಚಾಗಿದ್ದು, ಕೊಡದ ನೀರೂ ಸೇರಿ, 153. ತಲೆಗೆ ದಿನಕ್ಕೆ ಏಳೂವರೆ ಲೀಟರಿಗಿಂತ ಚೂರು ಮೇಲೆ. ಉಳಿದಿದ್ದನ್ನು ಮುಖಕ್ಕೆ ಧಾರಾಳವಾಗಿ ಎರಚಿಕೊಂಡು ಹೋಗೋಣ ಅಂತ ಬಾಮೈದ ಕೈ ಚಾಚಿದ. ಮಗಳು ಕ್ಯಾನ್ ಕಿತ್ತುಕೊಂಡು ಹೋಗಿ ಯಜಮಾನರ ಕುರಿಗಳ ಬಾನಿಗೆ ಸುರಿದಳು. ಎರಡು ನಿಮಿಷವೂ ಉಳಿಯಲಿಲ್ಲ. ಒಂದು ಮರಿ ಬಾನಿಯ ತಳ ನೆಕ್ಕುತ್ತಾ ನಿಂತಿತ್ತು. ಯಜಮಾನರು ಪಂಪನ್ನು ಎಷ್ಟಕ್ಕೆ ಕೊಂಡಿದ್ದು ಅಂತ ಬಾಮೈದನನ್ನು ಕೇಳುತ್ತಿದ್ದರು.