ಮರದ ಟೈರ್ ಕಟ್ಟಿ ಅಳತೆ ತೆಗೆದೆ: ಲಿಫ್ಟ್ ಮಾಡಿದ ಜಿಪ್ಸಿಗೆ ರಿಮ್, ಟೈರ್ ಆರಿಸಿದ ನನ್ನ ಅನುಭವ

ಹೋದ ಜುಲೈನಲ್ಲಿ ನಮ್ಮ ತೋಟದ ಹಿಂದಿನ ಕೆಮ್ಮಣ್ಣಿನ ಏರನ್ನು ನನ್ನ ಮಾರುತಿ ಜಿಪ್ಸಿ ಟೈರಿಗೆ ಚೈನ್ ಕಟ್ಟದೆ ಹತ್ತಿತು. ಸಕಲೇಶಪುರದ ಮಳೆ ನೋಡಿದವರಿಗೆ ಇದು ಸಣ್ಣ ವಿಷಯ ಅಲ್ಲ ಅಂತ ಗೊತ್ತು. ಆ ಏರು ಉದ್ದ ಇಲ್ಲ, ಸುಮಾರು ನೂರು ಮೀಟರ್. ಆದರೆ ಜೂನ್ ಕಳೆದ ಮೇಲೆ ಅಲ್ಲಿ ನಡೆಯುವವರೂ ಕಾಫಿ ಗಿಡ ಹಿಡಿದುಕೊಂಡೇ ಹತ್ತುತ್ತಾರೆ. ನನ್ನ ಗಾಡಿಯಲ್ಲಿ ಇದ್ದದ್ದು 235/75 ಆರ್15 ಟೈರ್ (235 ಮಿ.ಮೀ. ಅಗಲ, ಪಕ್ಕದ ಗೋಡೆಯ ಎತ್ತರ ಅದರ ಶೇ 75, ರಿಮ್ 15 ಇಂಚು), ಆರೂವರೆ ಇಂಚು ಅಗಲದ ಹಳೇ ಸ್ಟೀಲ್ ರಿಮ್, ಎರಡು ಇಂಚಿನ ಲಿಫ್ಟ್, ಅಂದರೆ ಸಸ್ಪೆನ್ಶನ್ ಅಷ್ಟು ಎತ್ತರಿಸಿದ್ದು. "ಪಿಕಪ್ ಟೈರ್ ಹಾಕ್ಕೊಂಡು ಆಫ್‌ರೋಡ್ ಬಂದ್ರು" ಅಂದಿದ್ದವರು ಅವತ್ತು ಕೆಳಗೆ ಕೊಡೆ ಹಿಡಿದು ನಿಂತಿದ್ದರು. ಅದಕ್ಕೇ ಇದನ್ನು ಬರೆಯಬೇಕು ಅನ್ನಿಸಿತು.

ಇಲ್ಲಿಗೆ ಬರೋದಕ್ಕೆ ನನಗೆ ಮೂರು ವರ್ಷ ಹಿಡಿಯಿತು. ದುಡ್ಡು ಹತ್ತಿರ ಹತ್ತಿರ ಒಂದೂವರೆ ಲಕ್ಷ.

ಮೊದಲು ಎಲ್ಲರ ಹಾಗೆ ನಾನೂ 31 ಇಂಚಿನ ಟೈರ್‌ಗೇ ಕೈ ಹಾಕಿದೆ. 31×10.5 ಆರ್15 (31 ಇಂಚು ಎತ್ತರ, 10.5 ಇಂಚು ಅಗಲ), ಕೆಸರಿಗೆ ಅಂತಲೇ ಮಾಡಿದ ಮಡ್ ಟೆರೇನ್. ಅದಕ್ಕೆ ಎಂಟಿಂಚು ಅಗಲದ, ಹೊರಗೆ ಚಾಚುವ ರಿಮ್. ಟೈರ್ ಒಂದಕ್ಕೆ 13 ಸಾವಿರ ಆಸುಪಾಸು, ರಿಮ್ ಒಂದಕ್ಕೆ ನಾಲ್ಕೂವರೆ. ಐದು ಸೆಟ್ ಅಂದರೆ ಲೆಕ್ಕ ನೀವೇ ಹಾಕಿ. ಪಾಟಾಗೆ (ಲೀಫ್ ಸ್ಪ್ರಿಂಗ್) ಒಂದೊಂದು ಎಲೆ ಸೇರಿಸಿ, ಪಾಟಾದ ತುದಿಯನ್ನು ಚಾಸಿಗೆ ಜೋಡಿಸುವ ಕೊಂಡಿ, ಅಂದರೆ ಶ್ಯಾಕಲ್, ಉದ್ದದ್ದು ಹಾಕಿ ಗಾಡಿ ಎತ್ತಿಸಿದೆ. ಬಯಲಲ್ಲಿ ನಿಲ್ಲಿಸಿದಾಗ ಚೆನ್ನಾಗಿತ್ತು. ಟೈರ್‌ಗೂ ಮಡ್‌ಗಾರ್ಡ್‌ಗೂ ನಡುವೆ ಕೈ ಪೂರಾ ಹೋಗುತ್ತಿತ್ತು. ಅಂಗಡಿಯವರು "ಬೆಸ್ಟ್ ಫಿಟ್ಟಿಂಗ್ ಸಾರ್" ಅಂದರು. ನಾನೂ ನಂಬಿದೆ.

ಶಿರಾಡಿ ಘಾಟಿಯಲ್ಲಿ ನಿಜ ಗೊತ್ತಾಯಿತು. ಜಿಪ್ಸಿಯ 1.3 ಲೀಟರ್ ಎಂಜಿನ್‌ದು 80 ಬಿಎಚ್‌ಪಿ, ಅದೂ ಮೇಲಿನ ಆರ್‌ಪಿಎಂನಲ್ಲಿ. ಕಂಪನಿಯ 205/70 ಆರ್15 ಟೈರ್ ಎತ್ತರ 668 ಮಿ.ಮೀ. 31 ಇಂಚು ಅಂದರೆ 787. ಚಕ್ರದ ಒಂದು ಸುತ್ತಿಗೆ ಗಾಡಿ ಶೇ 18ರಷ್ಟು ಹೆಚ್ಚು ದೂರ ಹೋಗುತ್ತದೆ, ಅಂದರೆ ಗೇರೆಲ್ಲ ಅಷ್ಟು ಉದ್ದ ಆಗಿ ಎಳೆತ ಕಡಿಮೆ ಆದ ಹಾಗೆ. ಮೂರನೇ ಗೇರ್‌ನಲ್ಲಿ ಹತ್ತುತ್ತಿದ್ದ ಕಡೆ ಎರಡಕ್ಕೆ ಇಳಿಸಬೇಕಾಯಿತು. ಐದನೇ ಗೇರ್ ಇದ್ದೂ ಇಲ್ಲದ ಹಾಗೆ. ಸ್ಪೀಡೋಮೀಟರ್ 60 ತೋರಿಸಿದರೆ ಫೋನಿನ ಜಿಪಿಎಸ್ 70 ತೋರಿಸುತ್ತಿತ್ತು.

ಮನೆಗೆ ಬಂದು ಕಾಫಿ ತೂಗುವ ಸ್ಕೇಲಿನ ಮೇಲೆ ಚಕ್ರ ಇಟ್ಟೆ. ರಿಮ್ ಸೇರಿ 35 ಕೆಜಿ ಹತ್ತಿರ. ಹಳೇದು 20 ದಾಟಿರಲಿಲ್ಲ. ಸ್ಟೆಪ್ನಿ ಹಿಂದಿನ ಬಾಗಿಲಿಗೆ ತಗುಲಿಸಿದ್ದೆ. ನಾಲ್ಕು ತಿಂಗಳಲ್ಲಿ ಹಿಂಜ್ ಬುಡದಲ್ಲಿ ತಗಡು ಬಿರುಕು ಬಿಟ್ಟಿತು. ಮುಂದಿನ ವೀಲ್ ಬೇರಿಂಗ್ ಒಂದೇ ವರ್ಷದಲ್ಲಿ ಎರಡು ಸಲ ಹಾಕಿಸಿದೆ. ರಿಮ್ ಹೊರಗೆ ಚಾಚಿದಷ್ಟೂ ಬೇರಿಂಗ್ ಮೇಲಿನ ಭಾರ ಜಾಸ್ತಿ.

ಆಮೇಲೆ ಶುರುವಾಯಿತು ಸ್ಟೇರಿಂಗ್ ನಡುಕ. 50ರ ಸ್ಪೀಡಿನಲ್ಲಿ ಒಂದು ಗುಂಡಿ ಹಾರಿದರೆ ಸಾಕು, ಮುಂದಿನ ಎರಡೂ ಚಕ್ರ ಗಡಗಡ ಒದ್ದಾಡುತ್ತಿದ್ದವು. ನಿಲ್ಲಿಸದೆ ಬೇರೆ ದಾರಿಯೇ ಇಲ್ಲ. ಬ್ಯಾಲೆನ್ಸಿಂಗ್ ಮಾಡಿಸಿದೆ, ಟೈ ರಾಡ್ ಎಂಡ್ ಬದಲಿಸಿದೆ, ಡ್ಯಾಂಪರ್ ಹೊಸದು ಹಾಕಿದೆ. ಹೋಗಲಿಲ್ಲ. ಕೊನೆಗೆ ಹಾಸನದ ಕಡೆಯ ಒಬ್ಬ ಪಾಟಾ ಮೇಸ್ತ್ರಿ ಗಾಡಿ ಕೆಳಗೆ ಮಲಗಿ ನೋಡಿ ಹೇಳಿದ್ದು ಒಂದೇ ಮಾತು: "ಗೌಡ್ರೇ, ಆಕ್ಸಲ್ ತಲೆ ಮುಂದಕ್ಕೆ ಬಗ್ಗಿಸ್ಕೊಂಡಿದೆ, ಟೈರಿಂದಲ್ಲ ಇದು." ಜಿಪ್ಸಿಯ ಮುಂದಿನ ಪಾಟಾಗೆ ಶ್ಯಾಕಲ್ ಇರೋದು ಮುಂಭಾಗದಲ್ಲಿ. ಅಲ್ಲಿ ಉದ್ದದ ಶ್ಯಾಕಲ್ ಹಾಕಿದರೆ ಕ್ಯಾಸ್ಟರ್, ಅಂದರೆ ಚಕ್ರ ಎಡ-ಬಲ ತಿರುಗುವ ಅಚ್ಚು ಹಿಂದಕ್ಕೆ ವಾಲಿರುವ ಕೋನ, ಕಡಿಮೆ ಆಗುತ್ತದೆ. ದೊಡ್ಡ ಟೈರ್ ಆ ತಪ್ಪನ್ನು ಹೊರಗೆ ತಂದಿತು ಅಷ್ಟೆ. ಮುಂದೆ ಹಳೇ ಶ್ಯಾಕಲ್‌ಗೇ ವಾಪಸ್ ಹೋಗಿ, ಪಾಟಾದಲ್ಲೇ ಎತ್ತರ ತೆಗೆಸಿ, ಆಕ್ಸಲ್ ಕೆಳಗೆ ಬೆಣೆ ಹಾಕಿಸಿದೆ. ಆ ಅಚ್ಚಿನ (ಕಿಂಗ್‌ಪಿನ್) ಬೇರಿಂಗೂ ಮೇಸ್ತ್ರಿ ಬಿಗಿ ಮಾಡಿದ. ನಡುಕ ನಿಂತಿತು. ಬೆಣೆ ಎಷ್ಟು ಡಿಗ್ರಿ ಅನ್ನೋದನ್ನು ಇಲ್ಲಿ ಬರೆಯೋದಿಲ್ಲ. ಒಂದೊಂದು ಗಾಡಿಗೆ ಒಂದೊಂದು, ಜೊತೆಗೆ ಅದು ಆ ಮೇಸ್ತ್ರಿಯ ಹೊಟ್ಟೆಪಾಡು.

ನಡುಕ ಹೋಯಿತು, ಉಜ್ಜುವುದು ಹೋಗಲಿಲ್ಲ. ಬಿಸ್ಲೆ ಕಡೆ ಒಂದು ಕೊರಕಲಿನಲ್ಲಿ ಒಂದು ಚಕ್ರ ಮೇಲೆ, ಇನ್ನೊಂದು ಕೆಳಗೆ ಆದಾಗ ಸ್ಟೇರಿಂಗ್ ತಿರುಗಿಸಿದೆ. ಎಡ ಮಡ್‌ಗಾರ್ಡಿನ ಅಂಚು ಟೈರಿನ ಭುಜದಲ್ಲಿ ಬೆರಳಗಲದ ರಬ್ಬರ್ ಸಿಗಿದು ಹಾಕಿತು. 13 ಸಾವಿರದ ಟೈರು! ಅವತ್ತು ರಾತ್ರಿ ನಿದ್ದೆ ಬರಲಿಲ್ಲ.

ಆ ರಾತ್ರಿ ಹೊಳೆದದ್ದು ಇಷ್ಟು. ಲಿಫ್ಟ್ ಕೊಡುವ ಜಾಗ ಗಾಡಿ ನಿಂತಿರುವಾಗಿನದು. ಪಾಟಾ ಪೂರ್ತಿ ಒತ್ತಿ, ಆಕ್ಸಲ್ ಇನ್ನೂ ಮೇಲೇರದಂತೆ ತಡೆಯುವ ಬಂಪ್ ಸ್ಟಾಪ್‌ಗೆ ತಾಗಿದಾಗ ಎರಡು ಇಂಚಿನ ಲಿಫ್ಟ್ ಎಲ್ಲಿದೆ? ಇಲ್ಲವೇ ಇಲ್ಲ. ಟೈರ್ ಹಳೇ ಜಾಗಕ್ಕೇ ಬಂದು ಕೂತಿರುತ್ತದೆ. ಅಂದಮೇಲೆ ಅಳತೆ ತೆಗೆಯಬೇಕಾದದ್ದು ಅಲ್ಲಿ. ಇನ್ನೊಂದು, ಲಿಫ್ಟ್‌ನಿಂದ ಕ್ರೌನ್ ಹೌಸಿಂಗ್, ಅಂದರೆ ಆಕ್ಸಲ್ ಮೇಲಿನ ಗೇರಿನ ಗುಂಡು, ಒಂದು ಮಿಲಿಮೀಟರೂ ಮೇಲೆ ಹೋಗಲ್ಲ. ಕಲ್ಲಿಗೆ ತಾಗೋದು ಅದೇ. ಅದನ್ನು ಎತ್ತೋದು ಟೈರ್ ಮಾತ್ರ, ಅದೂ ಹೆಚ್ಚಿದ ಎತ್ತರದ ಅರ್ಧ. 31ಕ್ಕೆ ಸುಮಾರು 59 ಮಿ.ಮೀ. ಸಿಗುತ್ತದೆ, 235/75ಕ್ಕೆ 33, 215/75ಕ್ಕೆ 18. ನಮ್ಮ ಕಡೆಯ ದಾರಿಗೆ 18 ಸಾಲದು ಅಂತ ಸ್ನೇಹಿತರೊಬ್ಬರ ಗಾಡಿಯಲ್ಲಿ ನೋಡಿದ್ದೆ.

ಟೈರ್ ಕೊಂಡು ಹಾಕಿ ನೋಡುವ ದುಡ್ಡು ಇನ್ನಿರಲಿಲ್ಲ. ಮರದಲ್ಲಿ ಟೈರ್ ಮಾಡಿದೆ.

12 ಮಿ.ಮೀ. ಪ್ಲೈವುಡ್ ತಂದೆ. ಸೀಟ್‌ಗೂ ಬಡಗಿಯ ಕೂಲಿಗೂ ಸೇರಿ ಮೂರು ಸಾವಿರ ಚಿಲ್ಲರೆ ಆಗಿರಬೇಕು. ಹೊರ ಅಳತೆ 734 ಮಿ.ಮೀ. ಇರುವ ಎರಡು ಬಳೆ ಕೊಯ್ಸಿದೆ. ಒಳಗಿನ ತೂತು ರಿಮ್ ಮೇಲೆ ಕೂರುವಷ್ಟು. ಒಂದೊಂದು ಬಳೆಯನ್ನೂ ಅರ್ಧ ಸೀಳಿ, ರಿಮ್‌ಗೆ ಎರಡೂ ಕಡೆಯಿಂದ ತಬ್ಬಿಸಿ, ಪಟ್ಟಿ ಹೊಡೆದು ಕೂಡಿಸಿದೆವು. ಎರಡು ಬಳೆಗಳ ನಡುವೆ ರೀಪರ್ ತುಂಡು, ಹೊರಗಿಂದ ಹೊರಗೆ 235 ಮಿ.ಮೀ. ಬರುವ ಹಾಗೆ. ನಿಜವಾದ ಟೈರ್‌ನಲ್ಲಿ ಈ 235 ಸೈಡ್‌ವಾಲ್ ಉಬ್ಬಿನ ಅಳತೆ, ನೆಲಕ್ಕೆ ತಾಗುವ ಟ್ರೆಡ್ ಅಷ್ಟು ಅಗಲ ಇರಲ್ಲ. ಗೊತ್ತಿದ್ದೇ ಅಷ್ಟು ಇಟ್ಟೆ. ಕೆಸರು ಮೆತ್ತಿಕೊಳ್ಳೋದಕ್ಕೆ, ಚೈನ್ ಕಟ್ಟೋದಕ್ಕೆ ಆ ಜಾಗ ಬೇಕು. 31ರ ಅಳತೆಗೂ ಇನ್ನೊಂದು ಜೊತೆ ಮಾಡಿದೆ. ಹೋಲಿಸಿ ನೋಡದೆ ನನಗೆ ಸಮಾಧಾನ ಇರಲಿಲ್ಲ.

ಆಮೇಲೆ ಮುಂದಿನ ಪಾಟಾ ಬಿಚ್ಚಿ, ಮೊದಲ ಎಲೆ ಒಂದನ್ನೇ ಬಿಟ್ಟು ಜೋಡಿಸಿದೆ. ಜ್ಯಾಕ್ ಕೊಟ್ಟು ಆಕ್ಸಲನ್ನು ಬಂಪ್ ಸ್ಟಾಪ್‌ಗೆ ತಾಗುವವರೆಗೂ ಎತ್ತಿದೆ. ಮರದ ಟೈರ್ ಹಾಕಿ ಸ್ಟೇರಿಂಗನ್ನು ಈ ಕೊನೆಯಿಂದ ಆ ಕೊನೆಗೆ ತಿರುಗಿಸಿದೆ. ಆಮೇಲೆ ಒಂದು ಕಡೆ ಮಾತ್ರ ಎತ್ತಿ, ಇನ್ನೊಂದು ಕಡೆ ಜೋತು ಬಿಟ್ಟು ಮತ್ತೆ ತಿರುಗಿಸಿದೆ. ಈ ಎರಡನೇದೇ ಮುಖ್ಯ. ಆಕ್ಸಲ್ ಓರೆ ಆದಾಗ ಟೈರಿನ ತಲೆ ಒಳಗೆ ವಾಲುತ್ತದೆ. ಎಲ್ಲೆಲ್ಲಿ ತಾಗಿತೋ ಅಲ್ಲೆಲ್ಲ ಪ್ಲೈವುಡ್ ಅಂಚು ಬಣ್ಣ ಕೆರೆದು ಗುರುತು ಬಿಟ್ಟಿತು. ಆ ಗುರುತಿನ ಮೇಲೆ ಸೀಮೆಸುಣ್ಣ ಎಳೆದುಕೊಂಡು ಹೋದೆ.

31ಕ್ಕೆ ಜಾಗವೇ ಇರಲಿಲ್ಲ. ರಿಮ್ ಒಳಗೆ ತಂದರೆ ಪಾಟಾಗೆ ತಾಗುತ್ತದೆ, ಹೊರಗೆ ತಳ್ಳಿದರೆ ಮಡ್‌ಗಾರ್ಡಿಗೆ ತಾಗುತ್ತದೆ. ನಡುವೆ ಎಲ್ಲಿ ಇಟ್ಟರೂ ಎರಡರಲ್ಲೊಂದು. ಬಾಡಿ ಕತ್ತರಿಸಬೇಕು ಇಲ್ಲವೇ ಬಂಪ್ ಸ್ಟಾಪ್ ಇಷ್ಟುದ್ದ ಇಳಿಸಬೇಕು. ಇಳಿಸಿದರೆ ಪಾಟಾ ಆಡುವುದೇ ನಿಂತುಹೋಗುತ್ತದೆ, ಆಮೇಲೆ ಲಿಫ್ಟ್ ಮಾಡಿ ಏನು ಬಂತು? 235ಕ್ಕೆ ಪಾಟಾ ಕಡೆ ಒಂದೂವರೆ ಬೆರಳು ಸಂದು ಸಿಕ್ಕಿತು. ಮಡ್‌ಗಾರ್ಡಿನ ಹಿಂದಿನ ಕೆಳಮೂಲೆ ಒಂದು ಕಡೆ ಮಾತ್ರ ತಾಗಿತು. ಅಲ್ಲಿ ಗ್ರೈಂಡರ್ ಹಿಡಿದು ಎರಡು ಬೆರಳು ತಗಡು ತೆಗೆದು ಅಂಚು ಮಡಿಸಿದೆ. ಬಂಪ್ ಸ್ಟಾಪ್ ಕೆಳಗೆ ಒಂದು ಇಂಚು ತುಂಡು ಸೇರಿಸಿದೆ. ಕೆಲಸ ಮುಗಿಯಿತು.

ರಿಮ್ ವಿಷಯದಲ್ಲಿ ಒಂದು ಪೆಟ್ಟು ತಿಂದೆ, ಅದನ್ನೂ ಹೇಳಬೇಕು. ಬೆಂಗಳೂರಿನ ಶಿವಾಜಿನಗರದಲ್ಲಿ ಸೆಕೆಂಡ್ ಹ್ಯಾಂಡ್ ರಿಮ್ ಸಿಕ್ಕಿತು. ಐದು ಬೋಲ್ಟ್, 139.7 ಪಿಸಿಡಿ (ಬೋಲ್ಟ್ ತೂತುಗಳ ವೃತ್ತದ ಅಡ್ಡಳತೆ, ಮಿ.ಮೀ.ನಲ್ಲಿ), ನಮ್ಮದೇ ಅಳತೆ. ಐದೂ ತಂದೆ. ಮನೆಯಲ್ಲಿ ಹಾಕಲು ಹೋದರೆ ನಡುವಿನ ತೂತು ಹಬ್ ಮೇಲೆ ಇಳಿಯುತ್ತಿಲ್ಲ. ಜಿಪ್ಸಿ ಹಬ್‌ಗೆ 108 ಮಿ.ಮೀ. ಆಸುಪಾಸು ಬೇಕು. ಲೇತ್‌ನಲ್ಲಿ ಕೊರೆಸಿ ಅಂದರು, ನನಗೆ ಧೈರ್ಯ ಬರಲಿಲ್ಲ. ಸಾವಿರಾರು ರೂಪಾಯಿ ಕಳೆದುಕೊಂಡು ವಾಪಸ್ ಕೊಟ್ಟು, ಎರಡು ತಿಂಗಳು ಕಾದು ಸರಿಯಾದದ್ದು ತಂದೆ. ರಿಮ್ ಒಂದಕ್ಕೆ ಎರಡು ಸಾವಿರದ ಹತ್ತಿರ. 235/75 ಟೈರಿಗೆ ಆರರಿಂದ ಎಂಟು ಇಂಚಿನ ರಿಮ್ ನಡೆಯುತ್ತದೆ. ಜಿಪ್ಸಿಯ ಐದೂವರೆ ರಿಮ್‌ಗೇ ಹಾಕಿ ಅಂತ ಹೇಳುವವರಿದ್ದಾರೆ, ಬೇಡ. ನಾನು ಆರೂವರೆ ಆರಿಸಿದ್ದು ಗಾಳಿ ಇಳಿಸೋದಕ್ಕೋಸ್ಕರ. ರಿಮ್ ಕಿರಿದಾದಷ್ಟೂ ಬೀಡ್, ಅಂದರೆ ರಿಮ್ ಮೇಲೆ ಕೂರುವ ಟೈರಿನ ಅಂಚು, ಗಟ್ಟಿ ಕೂರುತ್ತದೆ. 12 ಪಿಎಸ್‌ಐಗೆ ಇಳಿಸಿ ಓಡಿಸಿದರೂ ಇವತ್ತಿನವರೆಗೆ ಒಂದು ಸಲವೂ ಬೀಡ್ ಕಳಚಿಲ್ಲ.

ಗಾಳಿ ಅಂದಾಗ ನೆನಪಾಯಿತು. ಒಂದು ಭಾನುವಾರ ಟೈರಿಗೆ ಸುಣ್ಣದ ನೀರು ಬಳಿದು ಕಾಫಿ ಕಣದ ಸಿಮೆಂಟ್ ಮೇಲೆ ಗಾಡಿ ಇಳಿಸಿ ಅಚ್ಚು ತೆಗೆದೆ. 28 ಪಿಎಸ್‌ಐನಲ್ಲಿ ಅಚ್ಚು ಒಂದು ಗೇಣಿಗೆ ಸ್ವಲ್ಪ ಕಡಿಮೆ. 18ರಲ್ಲಿ ಒಂದು ಗೇಣು ದಾಟಿತು. 12ರಲ್ಲಿ ಒಂದು ಗೇಣು ನಾಲ್ಕು ಬೆರಳು. ಅಗಲ ಮಾತ್ರ ಮೂರರಲ್ಲೂ ಹೆಚ್ಚು ಕಡಿಮೆ ಅಷ್ಟೇ ಇತ್ತು. ಗಾಳಿ ಇಳಿಸಿದರೆ ಟೈರ್ ಅಗಲ ಆಗುತ್ತದೆ ಅಂತ ಬಾಯಲ್ಲಿ ಹೇಳುತ್ತೇವೆ, ನಿಜಕ್ಕೂ ಅದು ಉದ್ದ ಆಗುತ್ತದೆ. "ಕಣ ತೊಳ್ಯೋರ್ಯಾರು?" ಅಂತ ಅಮ್ಮ ಬೈದರು. ತೊಳೆದೆ. ಎರಡು ದಿನ ಆದರೂ ಗುರುತು ಹೋಗಲಿಲ್ಲ.

ನಮ್ಮ ಮಣ್ಣಿಗೆ ಇದು ಯಾಕೆ ಒಗ್ಗಿತು ಅಂದರೆ, ಮೇಲೆ ಮೂರು ನಾಲ್ಕು ಇಂಚು ಜಾರು, ಕೆಳಗೆ ಗಟ್ಟಿ. 10.5ರ ಅಗಲದ ಟೈರ್ ಆ ಜಾರಿನ ಮೇಲೇ ತೇಲಿ ಸುತ್ತುತ್ತಿತ್ತು. ಕಿರಿದಾದ ಟೈರ್ ಅದನ್ನು ಸೀಳಿ ಕೆಳಗಿನ ಗಟ್ಟಿ ನೆಲ ಹಿಡಿಯುತ್ತದೆ. ಗದ್ದೆಯ ಕೆಸರಿನಲ್ಲಿ ಇದು ಉಲ್ಟಾ. ಅಲ್ಲಿ ತಳವೇ ಸಿಗಲ್ಲ, ಅಗಲದ್ದೇ ಮೇಲು. ಗದ್ದೆಯಲ್ಲಿ ನಾನು ಎರಡು ಸಲ ಸಿಕ್ಕಿಕೊಂಡಿದ್ದೇನೆ, ಮುಚ್ಚಿಡೋದಿಲ್ಲ. ದೊಡ್ಡ ಬಂಡೆ ಹತ್ತೋದಕ್ಕೂ 31ರ ಎತ್ತರ ಬೇಕು. ಟ್ರಾನ್ಸ್‌ಫರ್ ಕೇಸಿನ (ಎಂಜಿನ್ ಬಲವನ್ನು ಮುಂದಿನ, ಹಿಂದಿನ ಆಕ್ಸಲ್‌ಗೆ ಹಂಚುವ ಪೆಟ್ಟಿಗೆ) ಗೇರ್ ಬದಲಿಸಿ ಎಂಜಿನ್‌ಗೆ ಬಲ ತುಂಬಿದವರು 31 ಹಾಕಲಿ. ಕಂಪನಿ ಗೇರ್ ಇಟ್ಟುಕೊಂಡು 31 ಹಾಕಬೇಡಿ ಅನ್ನೋದು ನನ್ನ ಖಡಾಖಂಡಿತ ಮಾತು.

ಚೈನ್ ವಿಷಯ ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳಲ್ಲ. ಮಲೆನಾಡಿನಲ್ಲಿ ಜೀಪ್ ಇಟ್ಟವರ ಮನೆಯಲ್ಲಿ ಚೈನ್ ಇರಲೇಬೇಕು. 31ಕ್ಕೆ ಚೈನ್ ಕಟ್ಟಿದ್ದಾಗ ಒಳಗಿನ ಕೊಂಡಿ ಪಾಟಾಗೆ ಬಡಿದು ಬ್ರೇಕ್ ಹೋಸ್‌ವರೆಗೂ ಬಂದಿತ್ತು. ಈಗ ನಾಲ್ಕಕ್ಕೂ ಕಟ್ಟಿ ತೋಟ ಸುತ್ತಿ ಬರುತ್ತೇನೆ, ಸದ್ದೇ ಇಲ್ಲ. ಹೋಸ್ ಅಂದೆನಲ್ಲ, ಲಿಫ್ಟ್ ಮಾಡಿದ ದಿನವೇ ಉದ್ದದ ಬ್ರೇಕ್ ಹೋಸ್ ಹಾಕಿಸಿ.

ಟ್ರೆಡ್‌ಗೆ ಮಳೆಗಾಲಕ್ಕೆ ಮುಂಚೆ ಬಿಸಿ ಬ್ಲೇಡಿನಲ್ಲಿ ನಾನು ಒಂದಿಷ್ಟು ಗೀರು ಹಾಕುತ್ತೇನೆ. ಎಲ್ಲಿ, ಎಷ್ಟು ಆಳ ಅನ್ನೋದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ. ಇನ್ನೊಂದು ಮಳೆಗಾಲ ನೋಡಿ ಹೇಳುತ್ತೇನೆ.

ಲೆಕ್ಕ ಹೇಳಿಬಿಡುತ್ತೇನೆ. ಹೊಸ ಟೈರ್ ಐದಕ್ಕೆ 43 ಸಾವಿರ, ರಿಮ್ ಹತ್ತು, ಮರದ ಟೈರ್ ಮೂರು. 31ರ ಸೆಟ್ ಮಾರಿದಾಗ 40 ಬಂತು, ಹಾಕಿದ್ದು 87 ಇರಬೇಕು. ಬೇರಿಂಗ್, ಬಾಗಿಲ ವೆಲ್ಡಿಂಗ್, ಬೆಣೆ, ಪಾಟಾ ಬೇರೆ. ಮರದ ಟೈರ್ ಮೊದಲೇ ಮಾಡಿದ್ದರೆ ಅರ್ಧ ಉಳಿಯುತ್ತಿತ್ತು. ಇನ್ನು ಕಾನೂನು. ಕಂಪನಿ ಕೊಟ್ಟ ರೂಪ ಬದಲಿಸುವಂತಿಲ್ಲ ಅಂತ 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಮೇಲೆ ಈ ಗಾಡಿಯನ್ನು ನಾನು ರಸ್ತೆಗೆ ಇಳಿಸುವುದು ಬಿಟ್ಟಿದ್ದೇನೆ. ತೋಟದೊಳಗೆ ಓಡಿಸುತ್ತೇನೆ, ಸ್ಪರ್ಧೆಗೆ ಲಾರಿ ಮೇಲೆ ಹೇರಿ ಒಯ್ಯುತ್ತೇನೆ.

ಮರದ ಟೈರ್ ಈಗ ಮನೆಯಲ್ಲಿಲ್ಲ. ಅವತ್ತು ಕೊಡೆ ಹಿಡಿದು ನಿಂತಿದ್ದವರಲ್ಲಿ ಒಬ್ಬರು ಮೂಡಿಗೆರೆಯವರು. ಹೋದ ತಿಂಗಳು ಬಂದು "ಅದನ್ನೊಂದ್ಸಲ ಕೊಡಿ" ಅಂದರು. ಅವರದು ಮಹೀಂದ್ರಾದ ಹಳೇ ಥಾರ್ ಸಿಆರ್‌ಡಿಇ, ಮುಂದೆ ಪಾಟಾ ಇಲ್ಲ, ತಿರುಚಿಕೊಂಡು ಸ್ಪ್ರಿಂಗ್ ಕೆಲಸ ಮಾಡುವ ಟಾರ್ಷನ್ ಬಾರ್. ಅದನ್ನು ತಿರುಗಿಸಿ ಎತ್ತಿದರೆ ಟೈರಿಗಿಂತ ಮೊದಲು ಆಕ್ಸಲ್ ಜಾಯಿಂಟಿನ ರಬ್ಬರ್ ಬೂಟ್ ಹರಿಯುತ್ತದೆ. 245/75 ಆರ್16ರ ಅಳತೆಗೆ ಹೊಸ ಬಳೆ ಕೊಯ್ಸಿದ್ದೇವೆ, 774 ಮಿ.ಮೀ. ಬರುವ ಭಾನುವಾರ ಅವರ ಶೆಡ್ಡಿನಲ್ಲಿ ಜ್ಯಾಕ್ ಕೊಡುತ್ತೇವೆ.