ಹೆಡ್‌ಸೆಟ್ ಕೊಳ್ಳುವ ಮೊದಲು ಬುಲೆಟ್ ಪಕ್ಕ ನಿಂತು ನೋಡಿ

ಪುಣೆ, ಬಾರಾಮತಿ ಕಡೆ ವಿಮಾನ ಹಾರಿಸಲು ಕಲಿಯುತ್ತಿರುವ ನಮ್ಮವರಿಗೆ: ಹೆಡ್‌ಸೆಟ್‌ಗೆ ದುಡ್ಡು ಕೊಡುವ ಮೊದಲು, ಹಾರುವಾಗ ಹಾಕುವ ಕನ್ನಡಕದ ಸಮೇತ ಅದನ್ನು ತೊಟ್ಟು, ಎಂಜಿನ್ ಓಡುತ್ತಿರುವ ಬುಲೆಟ್ ಗಾಡಿಯ ಪಕ್ಕ ನಿಲ್ಲಿ. ಬಾಯಿ ಅಗಲಿಸಿ, ಕತ್ತು ಎರಡೂ ಕಡೆ ತಿರುಗಿಸಿ. ಗುಡುಗುಡು ಸದ್ದು ಒಮ್ಮೆಲೇ ಒಳನುಗ್ಗಿದರೆ ಕಿವಿ ಮುಚ್ಚುವ ಕುಶನ್ ಸರಿಯಾಗಿ ಕೂತಿಲ್ಲ. ಕಲಿಯಲು ಬಳಸುವ ಸೆಸ್ನಾ 172ರಂಥ ಸಣ್ಣ ವಿಮಾನದ ಎಂಜಿನ್ ಗದ್ದಲವೂ ಹೆಚ್ಚಾಗಿ ಇಂಥದೇ ದಪ್ಪ ದನಿ. ಕನ್ನಡಕದ ಕಡ್ಡಿ ಕುಶನ್ನನ್ನು ಎತ್ತಿ ಹಿಡಿದ ಸಣ್ಣ ಸಂದಿ ಸಾಕು, ಅದು ಒಳಗೆ ಬಂದುಬಿಡುತ್ತದೆ. ಹಾಗಾದರೆ ಇನ್ನೂ ದುಬಾರಿ ಹೆಡ್‌ಸೆಟ್‌ಗೆ ಹೋಗಬೇಡಿ, ಮೊದಲು ತೆಳು ತಂತಿ ಕಡ್ಡಿಯ ಕನ್ನಡಕ ಹಾಕಿ ನೋಡಿ. ಆಮೇಲೆ ಅರ್ಧ ಗಂಟೆ ತೆಗೆಯದೆ ಇಟ್ಟುಕೊಳ್ಳಿ. ನೆತ್ತಿಯಲ್ಲೋ ಕಿವಿಯ ಮೇಲ್ತುದಿಯಲ್ಲೋ ಒಂದೇ ಕಡೆ ಒತ್ತಿ ನೋಯತೊಡಗಿದರೆ ಆ ಹೆಡ್‌ಸೆಟ್ ನಿಮ್ಮ ತಲೆಗಲ್ಲ. ಎರಡು ಗಂಟೆಯ ಕ್ರಾಸ್ ಕಂಟ್ರಿಯಲ್ಲಿ (ದೂರದ ಇನ್ನೊಂದು ಊರಿಗೆ ಹಾರುವ ಪಾಠದಲ್ಲಿ) ಆ ನೋವು ರೇಡಿಯೋ ಮಾತನ್ನೇ ಮರೆಸುತ್ತದೆ. ನಾಯ್ಸ್ ಕ್ಯಾನ್ಸಲಿಂಗ್ (ಬ್ಯಾಟರಿ ಬಲದಿಂದ ಗದ್ದಲ ತಗ್ಗಿಸುವ ಸೌಲಭ್ಯ) ಇರುವುದಾದರೆ ಆಫ್ ಮಾಡಿಯೇ ನೋಡಿ, ಬ್ಯಾಟರಿ ಮುಗಿದ ದಿನ ಉಳಿಯುವುದು ಆ ಹಿಡಿತವೊಂದೇ. ಸೆಕೆಂಡ್ ಹ್ಯಾಂಡ್ ಹೆಡ್‌ಸೆಟ್‌ಗೆ ಮಾತ್ರ ಈ ಪರೀಕ್ಷೆ ಕೈಕೊಡುತ್ತದೆ: ಕುಶನ್ ಗಟ್ಟಿಯಾಗಿ ಬಿರುಕು ಬಿಟ್ಟಿದ್ದರೆ ಒಳ್ಳೆಯ ಹೆಡ್‌ಸೆಟ್‌ನಲ್ಲೂ ಸದ್ದು ಸೋರುತ್ತದೆ, ಹೊಸ ಕುಶನ್ ಹಾಕಿದ ಮೇಲೆ ತೀರ್ಮಾನಿಸಿ. ವಿಮಾನಕ್ಕೆ ಸಿಕ್ಕಿಸುವ ಪ್ಲಗ್ ಎರಡಿದೆಯೇ (ಕೇಳಲು ಒಂದು, ಮೈಕಿಗೆ ಒಂದು) ಎಂದೂ ನೋಡಿ. ಹೆಲಿಕಾಪ್ಟರ್‌ನದು ಸಾಮಾನ್ಯವಾಗಿ ಒಂದೇ, ಅಡಾಪ್ಟರ್ ಇಲ್ಲದೆ ಸೆಸ್ನಾಗೆ ಕೂರುವುದಿಲ್ಲ.